ಡೊಮೈನ್ ರಿನೀವಲ್ ಅಂತ ಬರೋ ಮೇಲ್: ಖರೇದು ಯಾವುದು, ಸುಳ್ಳು ಯಾವುದು?

ಉದ್ಯಮಬಾಗ_ಫೌಂಡ್ರಿ
ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿಯೊಳಗ ಉದ್ಯಮಬಾಗ, ಮಚ್ಛೆ ಕಡೆ ಸಣ್ಣ ಕಾರ್ಖಾನೆಗಳ ಆಫೀಸಿಗೆ ಒಂದs ನಮೂನಿ ಮೇಲ್ ಬರಾಕತ್ತಾವ. ಮ್ಯಾಲೆ ‘ಫೈನಲ್ ನೋಟಿಸ್’ ಅಂತ ಕೆಂಪು ಅಕ್ಷರ. ಕೆಳಗ ಕಂಪನಿ ಡೊಮೈನ್ (ಅಂದ್ರ ವೆಬ್‌ಸೈಟಿನ ವಿಳಾಸ) ಹೆಸರು, ಮಾಲಕರ ಹೆಸರು, ವಿಳಾಸ ಎಲ್ಲಾ ಬರೋಬ್ಬರಿ. ಜೋಡಿ ಒಂದು ಪಿಡಿಎಫ್ ಬಿಲ್. 24 ತಾಸಿನೊಳಗ 89 ಡಾಲರ್ ತುಂಬದಿದ್ರ ವೆಬ್‌ಸೈಟು, ಮೇಲು ಎರಡೂ ಬಂದ್ ಆಗತಾವಂತ.

ಡೊಮೈನ್ ತಗೊಂಡಾವ್ರು ಒಬ್ಬರು, ಬಿಲ್ ತುಂಬಾವ್ರು ಇನ್ನೊಬ್ಬರು. ಅಕೌಂಟ್ಸ್ ಟೇಬಲ್ಲಿಗೆ ಬಂದಾಗ ಅದು ಉಳಿದ ಬಿಲ್ಲುಗಳ ಜೋಡಿ ಸೇರಿ ಪಾಸ್ ಆಗಿಬಿಡತೈತಿ. ಎರಡು ಪ್ರಶ್ನೆ ಅದಾವ. ಕಂಪ್ಯೂಟರ್ ಭಾಳ ತಿಳಿಯದವ್ರು ಇದನ್ನ ಹ್ಯಾಂಗ ಗುರುತಿಸಬೇಕು? ಮುಗಿಯೋ ತಾರೀಖು ಆ ಮಂದಿಗೆ ಹ್ಯಾಂಗ ಗೊತ್ತಾಗತೈತಿ?

ಸರ್ವರ್_ಮನಿ
ಎರಡನೇದು ಮೊದಲು ಹೇಳತೇನಿ. ತಾರೀಖು ಗುಟ್ಟಲ್ರಿ. ಯಾವ ಡೊಮೈನ್ ಯಾವ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿ ಕೊಡೋ ಕಂಪನಿ) ಕಡೆ ಐತಿ, ಯಾವಾಗ ಹುಟ್ಟೇತಿ, ಯಾವಾಗ ಮುಗಿತೈತಿ ಅನ್ನೋದು ಯಾರು ಬೇಕಾದ್ರೂ ನೋಡೋ ಮಾಹಿತಿ. ಹೊಲದ ಉತಾರ ಇದ್ದಂಗ. ಮಾಲಕರ ಹೆಸರು, ಫೋನು ಸುದ್ದಾ 2018ರ ತನಕ ಹೂಈಸ್‌ದಾಗ (ಡೊಮೈನ್ ಮಾಹಿತಿ ನೋಡೋ ಬಹಿರಂಗ ದಾಖಲೆ) ಬಯಲಿಗೇ ಇರತಿತ್ತು. ಆ ವರ್ಷದ ಮೇ ತಿಂಗಳದಾಗ ಯುರೋಪಿನ ಖಾಸಗಿ ಮಾಹಿತಿ ಕಾನೂನು ಜಾರಿ ಆದಮ್ಯಾಲೆ ಬಹಳಷ್ಟು ಮುಚ್ಚಿದ್ರು. ಆದ್ರ ಅದಕ್ಕೂ ಮೊದಲು ಬಾಚಿಕೊಂಡ ಪಟ್ಟಿಗಳು ಇನ್ನೂ ಕೈ ಬದಲಾಯಿಸಾಕತ್ತಾವ. ಇಲ್ಲಾಂದ್ರ ನಿಮ್ಮ ವೆಬ್‌ಸೈಟಿನ ‘ಸಂಪರ್ಕಿಸಿ’ ಪುಟದಾಗ ವಿಳಾಸ ಇದ್ದs ಇರತೈತಿ.

ಇನ್ನ ಗುರುತಿಸೋದು. ಮೇಲ್ ಒಳಗಿನ ಯಾವ ಬಟನ್ನೂ ಒತ್ತಬ್ಯಾಡ್ರಿ, ಪಿಡಿಎಫ್ ತೆಗಿಬ್ಯಾಡ್ರಿ, ಅದರಾಗಿನ ನಂಬರಿಗೆ ಫೋನ್ ಮಾಡಬ್ಯಾಡ್ರಿ. ಬ್ರೌಸರಿನಾಗ ಹೊಸಾ ಟ್ಯಾಬ್ ತೆಗೆದು ನೀವs ಟೈಪ್ ಮಾಡ್ರಿ: ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ (lookup.icann.org). ಐಕ್ಯಾನ್ ಅಂದ್ರ ಜಗತ್ತಿನ ಡೊಮೈನ್ ವ್ಯವಸ್ಥಾ ನೋಡಿಕೊಳ್ಳೋ ಸಂಸ್ಥೆ. ಡಾಟ್ ಇನ್ ಡೊಮೈನ್ ಆಗಿದ್ರ ರಿಜಿಸ್ಟ್ರಿ ಡಾಟ್ ಇನ್ ಒಳಗ ಹೂಈಸ್ ಐತಿ. ಡೊಮೈನ್ ಹೆಸರು ಹಾಕಿ ಮೂರು ಸಾಲು ನೋಡ್ರಿ: ರಿಜಿಸ್ಟ್ರಾರ್ ಯಾರು, ಎಕ್ಸ್‌ಪೈರಿ ಯಾವಾಗ, ಸ್ಟೇಟಸ್ ಏನು. ಮೇಲ್ ಕಳಿಸಿದ ಕಂಪನಿ ಹೆಸರು ರಿಜಿಸ್ಟ್ರಾರ್ ಸಾಲಿನಾಗ ಇಲ್ಲ, ನೀವು ಡೊಮೈನ್ ತಗೊಂಡಿದ್ದೂ ಅವರ ಕಡೆ ಅಲ್ಲ ಅಂದ್ರ ಡೊಮೈನ್ ರಿನೀವಲ್ ಅಂತ ಅವರಿಗೆ ಕೊಡಬೇಕಾದ್ದು ಒಂದು ಪೈಸಾನೂ ಇಲ್ಲ. ಅಷ್ಟs.

ಗೋಳಗುಮ್ಮಟ_ಲಾಡ್ಜ್
ರಿಜಿಸ್ಟ್ರಾರ್ ಹೆಸರು ಹೊಂದಿದ್ರ? ಕಳ್ಳರೂ ಅದೇ ಲುಕಪ್ ನೋಡಿ ಅದೇ ಹೆಸರಿನಾಗ ಕಳಿಸಬಹುದಲ್ರಿ?

ಸರ್ವರ್_ಮನಿ
ಬರೋಬ್ಬರಿ ಕೇಳಿದ್ರಿ. ಕಳಸತಾರ. ಹೆಸರು ಹೊಂದಿದ್ರೂ ಮೇಲ್ ಲಿಂಕಿನಿಂದ ಹೋಗಬ್ಯಾಡ್ರಿ. ರಿಜಿಸ್ಟ್ರಾರ್ ವೆಬ್‌ಸೈಟು ಕೈಯಾರೆ ಟೈಪ್ ಮಾಡಿ ಲಾಗಿನ್ ಆಗ್ರಿ. ಖರೇನ ಬಾಕಿ ಇದ್ರ ಅಕೌಂಟ್ ಒಳಗ ಕಾಣತೈತಿ. ಅಲ್ಲಿ ಇಲ್ಲ ಅಂದ್ರ ಬಾಕಿ ಇಲ್ಲ.

ಲೆಕ್ಕದ_ಪುಸ್ತಕ
ಬಿಲ್ ಈಗಾಗಲೇ ತೆರೆದು ಟೇಬಲ್ಲಿಗೆ ಬಂದಿದ್ದರೆ ಅಕೌಂಟ್ಸ್ ವಿಭಾಗದವರಿಗೆ ಉಪಯೋಗವಾಗುವ ಕೆಲವು ಗುರುತುಗಳನ್ನು ಹೇಳುತ್ತೇನೆ.

ಭಾರತದಲ್ಲಿ ಬಿಲ್ ಮಾಡುವ ರಿಜಿಸ್ಟ್ರಾರ್ ಆದರೆ ಜಿಎಸ್‌ಟಿ ನಂಬರ್ ಇರಲೇಬೇಕು. 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ ಕೋಡ್ (ಕರ್ನಾಟಕ 29, ಮಹಾರಾಷ್ಟ್ರ 27), ಮುಂದಿನ ಹತ್ತು ಆ ಕಂಪನಿಯ ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತಕ್ಷಣ ತಿಳಿಯುತ್ತದೆ. ಬಿಲ್ಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಕಳೆದ ವರ್ಷದ ಬಿಲ್ ಹುಡುಕಿ ಪಕ್ಕಕ್ಕಿಡಿ. ಹೋದ ವರ್ಷ ಡಾಟ್ ಕಾಮ್‌ಗೆ ಸಾವಿರದ ಆಸುಪಾಸು ಕಟ್ಟಿ, ಈ ಸಲ ಏಳು ಸಾವಿರ ಕೇಳಿದರೆ ಅದೊಂದೇ ಸಾಕು ತಡೆದು ನೋಡಲು. ಪಿಡಿಎಫ್‌ನಲ್ಲಿ ಯುಪಿಐ ಕ್ಯೂಆರ್ ಕೊಟ್ಟಿದ್ದರೆ, ಪಿನ್ ಹಾಕುವ ಮುನ್ನ ಪರದೆಯ ಮೇಲೆ ಬರುವ ಹೆಸರು ಓದಿ. ಕಂಪನಿಯ ಬದಲು ಯಾರದೋ ವ್ಯಕ್ತಿಯ ಹೆಸರು ಬಂದರೆ ಪಿನ್ ಹಾಕಬೇಡಿ.

ಇನ್ನೊಂದು: ಬಿಲ್ಲಿನ ಕೊನೆಯ ಸಾಲು. ಬಿಳಿ ಹಾಳೆಯ ಮೇಲೆ ತಿಳಿ ಬೂದು ಬಣ್ಣದಲ್ಲಿ, ತೀರಾ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಹೀಗಿರುತ್ತದೆ: ‘ಇದು ಬಿಲ್ ಅಲ್ಲ. ಇದು ನಮ್ಮ ಸೇವೆಯ ಕೊಡುಗೆ. ಒಪ್ಪದಿದ್ದರೆ ಹಣ ಕಟ್ಟುವ ಬಾಧ್ಯತೆ ಇಲ್ಲ.’ ಪ್ರಿಂಟ್ ತೆಗೆದರೆ ಆ ಸಾಲು ಮಾಯವಾಗುವಷ್ಟು ಮಸುಕು. ನಾಳೆ ಯಾರಾದರೂ ಕೇಸು ಹಾಕಿದರೆ ‘ನಾವು ಬರೆದಿದ್ದೆವಲ್ಲ’ ಎನ್ನುವುದಕ್ಕೇ ಅದನ್ನು ಇಟ್ಟಿರುತ್ತಾರೆ.

ಬನಹಟ್ಟಿ_ಮಗ್ಗ
ಆ ಸಾಲು ಇದ್ದ ಮ್ಯಾಲೆ ಕಾನೂನಿನಾಗ ಅದು ಮೋಸ ಅಲ್ಲೇನ್ರಿ ಹಂಗಾರ?

ಲೆಕ್ಕದ_ಪುಸ್ತಕ
ಸಾಲು ಬರೆದ ಮಾತ್ರಕ್ಕೆ ಬಿಡುಗಡೆ ಇಲ್ಲ. ಅಮೆರಿಕದಲ್ಲಿ ‘ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ’ ಎಂಬ ಹೆಸರಿನಲ್ಲಿ ಅಂಚೆಯಲ್ಲೇ ಇಂಥ ಪತ್ರಗಳು ಹೋಗುತ್ತಿದ್ದವು. 2003ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೋರ್ಟಿಗೆ ಹೋಗಿ ಆದೇಶ ತಂದಿತು. ನಮ್ಮಲ್ಲಿ ಬೇರೆ ಕಂಪನಿಯ ವೇಷ ಹಾಕಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಇದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಹೆಡರ್_ಓದುಗ
ಲುಕಪ್ ಒಂದೇ ಸಾಲದು. ಜೀಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆರೆಯಿರಿ. ಮೇಲ್‌ನ ಹೆಡರ್ (ಎಲ್ಲಿಂದ, ಹೇಗೆ ಬಂತು ಎಂಬ ಒಳವಿವರ) ಕಾಣುತ್ತದೆ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಕಳಿಸಿದ ಡೊಮೈನ್ ನಿಜವೇ ಎಂದು ನೋಡುವ ಪರೀಕ್ಷೆಗಳು) ಮೂರೂ ‘ಪಾಸ್’ ಆಗಿವೆಯಾ ನೋಡಿ. ‘ಫೇಲ್’ ಇದ್ದರೆ ಸುಳ್ಳು ಮೇಲ್. ಇದಕ್ಕಿಂತ ನಂಬಿಕಸ್ಥ ವಿಧಾನ ಇಲ್ಲ.

ಸರ್ವರ್_ಮನಿ
ಇದಕ್ಕ ನನ್ನ ತಕರಾರು ಐತ್ರಿ. ‘ಫೇಲ್’ ಬಂದ್ರ ಸಂಶಯ ಪಡ್ರಿ, ಅದಕ್ಕ ಅಡ್ಡಿ ಇಲ್ಲ. ಆದ್ರ ‘ಪಾಸ್’ ಬಂತು ಅಂತ ನಂಬಿದ್ರ ಕೆಟ್ಟಿರಿ. ಮೇಲ್ ಯಾವ ಡೊಮೈನಿನಿಂದ ಬಂತು ಅಂತ ಹೇಳಕೋತೈತೋ ಅಲ್ಲಿಂದs ಬಂದೈತಿ ಅನ್ನೋದಷ್ಟs ಆ ಪಾಸಿನ ಅರ್ಥ. ಕಳ್ಳ ತಾನs ‘ಡೊಮೈನ್-ರಿನೀವಲ್-ಸರ್ವಿಸ್’ ಅಂತ ಒಂದು ಡೊಮೈನ್ ತಗೊಂಡು, ಮೂರೂ ದಾಖಲೆ ನೀಟಾಗಿ ಹಾಕ್ಕೊಂಡು ಕಳಿಸಿದ್ರ ಮೂರೂ ಪಾಸ್ ಆಗತಾವ. ಅಂವ ಸಾಚಾನೋ ಅಲ್ಲೋ ಅಂತ ಹೆಡರ್ ಹೇಳಂಗಿಲ್ಲ.

ಹೆಡರ್_ಓದುಗ
ಒಪ್ಪಿದೆ, ‘ಇದಕ್ಕಿಂತ ನಂಬಿಕಸ್ಥ ಇಲ್ಲ’ ಎಂಬುದು ಹೆಚ್ಚಾಯಿತು. ಆದರೂ ಹೆಡರ್‌ನಲ್ಲಿ ಎರಡು ಸಾಲು ನೋಡುವುದು ಲಾಭವೇ. ಫ್ರಮ್ ವಿಳಾಸ ಒಂದು, ರಿಪ್ಲೈ-ಟು (ನಿಮ್ಮ ಉತ್ತರ ಹೋಗುವ) ವಿಳಾಸ ಇನ್ನೊಂದು ಇದ್ದರೆ, ಅದರಲ್ಲೂ ರಿಪ್ಲೈ-ಟು ಉಚಿತ ಮೇಲ್ ಖಾತೆಯಾಗಿದ್ದರೆ ಆಟ ಅಲ್ಲೇ ಬಯಲು. ಲಿಂಕಿನ ಮೇಲೆ ಮೌಸ್ ಇಟ್ಟಾಗ ಕೆಳಗೆ ಕಾಣುವ ವಿಳಾಸವನ್ನು ಬಲಗಡೆಯಿಂದ ಓದಿ: ಮೊದಲ ಒಂಟಿ ಓರೆಗೀಟಿಗೆ ಮುಂಚಿನ, ಚುಕ್ಕಿಯಿಂದ ಬೇರೆಯಾದ ಕೊನೆಯ ಎರಡು ತುಂಡುಗಳೇ ನಿಜವಾದ ಮಾಲಕ. ಡಾಟ್ ಕೋ ಡಾಟ್ ಇನ್ ಥರದ್ದಾದರೆ ಮೂರು. ಅದಕ್ಕೂ ಎಡಕ್ಕೆ ನಿಮ್ಮ ರಿಜಿಸ್ಟ್ರಾರ್ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು.

ಕರದಂಟು_ಅಂಗಡಿ
ಅಮೀನಗಡದಾಗ ಕರದಂಟು ಮಾರೋ ಮನಶ್ಯಾ ಹೆಡರ್ ಓದಕೋತ ಕುಂಡ್ರಂಗಿಲ್ರಿ. ಸರ್ವರ್ ಅಣ್ಣಾವ್ರು ಹೇಳಿದ್ದ ಸರಿ. ಮೇಲ್ ಖರೇನೋ ಸುಳ್ಳೋ ಅಂತ ಪಂಚಾಯ್ತಿನs ಬ್ಯಾಡ. ನೇರ ಅಕೌಂಟಿಗೆ ಹೋಗಿ ನೋಡೋದು.

ಇಂಡಿ_ಲಿಂಬಿ
ವಿಜಯಪುರ ಕಡೆ ಒಣದ್ರಾಕ್ಷಿ, ಲಿಂಬಿ ಹೊರದೇಶಕ್ಕ ಕಳಸಾವ್ರಿಗೆ ಬ್ಯಾರೆ ನಮೂನಿ ಮೇಲ್ ಬರತೈತಿ. ‘ಚೀನಾದಾಗ ಒಂದು ಕಂಪನಿ ನಿಮ್ಮ ಬ್ರ್ಯಾಂಡ್ ಹೆಸರಿನಾಗ ಡಾಟ್ ಸಿಎನ್, ಡಾಟ್ ಏಷ್ಯಾ ಅರ್ಜಿ ಹಾಕೇತಿ. ನಿಮ್ಮ ಆಕ್ಷೇಪ ಇದ್ರ ಏಳು ದಿನದಾಗ ತಿಳಸ್ರಿ’ ಅಂತ ಭಾಳ ಸಭ್ಯ ಭಾಷೆಯೊಳಗ. ರೊಕ್ಕದ ಸುದ್ದಿನs ಇರಂಗಿಲ್ಲ. ಇದೂ ಮೋಸಾನs?

ಸರ್ವರ್_ಮನಿ
ಇದೂ ಹಳೇ ಮೋಸಾನs ರೀ. ಮೊದಲ ಮೇಲ್‌ದಾಗ ರೊಕ್ಕ ಕೇಳಂಗಿಲ್ಲ. ನೀವು ಗಾಬರಿಯಾಗಿ ಉತ್ತರ ಕೊಟ್ರಿ ಅಂದ್ರ ಎರಡನೇದ್ರಾಗ ‘ನೀವs ಮೊದಲು ತಗೋರಿ’ ಅಂತ ಹತ್ತು ಡೊಮೈನ್ ಪಟ್ಟಿ ಕಳಸತಾರ, ಒಂದೊಂದಕ್ಕ ಬಜಾರಿನ ಹಲವು ಪಟ್ಟು ರೇಟು. ಅರ್ಜಿ ಹಾಕಿದ ಆ ಕಂಪನಿ ಅನ್ನೋದು ಇರೋದs ಇಲ್ಲ.

ತಿಳಕೋಬೇಕಾದ್ದು ಏನಂದ್ರ, ಡೊಮೈನ್ ಮೊದಲು ಬಂದವರಿಗೆ ಸಿಗೋ ವಸ್ತು. ಯಾರಾದ್ರೂ ಕೇಳಿದ್ರ ರಿಜಿಸ್ಟ್ರಾರ್ ಕೂತು ಜಗತ್ತಿನಾಗಿನ ಟ್ರೇಡ್‌ಮಾರ್ಕ್ ಮಾಲಕರನ್ನ ಹುಡುಕಿ ಪರವಾನಗಿ ಕೇಳಂಗಿಲ್ಲ. ಖರೇನ ಯಾರಾದ್ರೂ ನಿಮ್ಮ ಹೆಸರು ಕದ್ದು ತಗೊಂಡ್ರ ಆಮ್ಯಾಲೆ ದೂರು ಕೊಡೋ ದಾರಿ ಐತಿ: ಡಾಟ್ ಕಾಮ್‌ಗೆ ಯುಡಿಆರ್‌ಪಿ ಅನ್ನೋ ತಕರಾರು ಪದ್ಧತಿ, ಡಾಟ್ ಇನ್‌ಗೆ ನಿಕ್ಸಿಯ (ಡಾಟ್ ಇನ್ ನೋಡಿಕೊಳ್ಳೋ ಸಂಸ್ಥೆ) ಐಎನ್‌ಡಿಆರ್‌ಪಿ. ಆ ಮೇಲಿಗೆ ಉತ್ತರ ಬ್ಯಾಡ. ‘ಬ್ಯಾಡ’ ಅಂತ ಸುದ್ದಾ ಬರಿಬ್ಯಾಡ್ರಿ, ನಿಮ್ಮ ವಿಳಾಸ ಜೀವಂತ ಐತಿ ಅಂತ ತೋರಿಸಿದಂಗ ಆಗತೈತಿ.

ಗೋಳಗುಮ್ಮಟ_ಲಾಡ್ಜ್
‘ಡೊಮೈನ್ ಸರ್ಚ್ ಎಂಜಿನ್ ನೋಂದಣಿ ಮುಗಿದಿದೆ’ ಅಂತಾನೂ ಬರ್ತದೆ. ಗೂಗಲ್‌ನಾಗ ಹೋಟೆಲ್ ಹೆಸರು ಕಾಣೋದಿಲ್ಲ ಅಂತ ಹೆದರಿಸ್ತಾರೆ.

ಹೆಡರ್_ಓದುಗ
ಗೂಗಲ್ ಹುಡುಕಾಟದಲ್ಲಿ ಸೇರಿಸಿಕೊಳ್ಳಲು ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ. ಅಂಥ ವಾರ್ಷಿಕ ನೋಂದಣಿಯೇ ಇಲ್ಲ. ಅಳಿಸಿಬಿಡಿ.

ಬನಹಟ್ಟಿ_ಮಗ್ಗ
ಸಮಸ್ಯಾದ ಬೇರು ಬ್ಯಾರೇನ ಐತ್ರಿ. ರಬಕವಿ-ಬನಹಟ್ಟಿ, ಇಳಕಲ್ಲ ಕಡೆ ಸೀರಿ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೈನ್ ತನ್ನ ಹೆಸರಿನಾಗ, ತನ್ನ ಮೇಲ್‌ದಿಂದ ತಗೊಂಡಿರತಾನ. ಅಂವ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದ ಅಂದ್ರ ಮಾಲಕರ ಕಡೆ ಲಾಗಿನ್ ಇಲ್ಲ, ರಿಜಿಸ್ಟ್ರಾರ್ ಹೆಸರು ಗೊತ್ತಿಲ್ಲ. ಖರೇ ನೋಟಿಸ್ ಎಲ್ಲಾ ಅಂವಗ ಹೋಗತಾವ, ಸುಳ್ಳು ನೋಟಿಸ್ ಅಷ್ಟs ಅಂಗಡಿಗೆ ಬರತಾವ. ಮಾಲಕರು ಅದನ್ನs ಖರೇ ಅನಕೋತಾರ.

ಉದ್ಯಮಬಾಗ_ಫೌಂಡ್ರಿ
ಇದು ಖರೇವಾದ ಮಾತು. ಭಾಳ ಕಾರ್ಖಾನೆಯೊಳಗ ಇದs ಕಥಿ. ಆವಾಗ ಏನ್ ಮಾಡಬೇಕ್ರಿ?

ಸರ್ವರ್_ಮನಿ
ಜಗಳ ಇಲ್ಲದs ಆಗೋ ದಾರಿ ಮೊದಲು. ಅದೇ ರಿಜಿಸ್ಟ್ರಾರ್ ಕಡೆ ಕಂಪನಿ ಹೆಸರಿನಾಗ ಒಂದು ಅಕೌಂಟ್ ತೆಗೀರಿ, ಆ ಹುಡುಗಗ ಹೇಳಿ ಡೊಮೈನ್ ಆ ಅಕೌಂಟಿಗೆ ದೂಡಿಸಿಕೋರಿ. ಒಂದs ರಿಜಿಸ್ಟ್ರಾರ್ ಒಳಗಿನ ಬದಲಾವಣಿ, ವೆಬ್‌ಸೈಟು ಮೇಲು ಯಾವುದೂ ನಿಲ್ಲಂಗಿಲ್ಲ. ರಿಜಿಸ್ಟ್ರಂಟ್ (ಡೊಮೈನ್ ಮಾಲಕ) ಅನ್ನೋ ಜಾಗಾದಾಗ ಕಂಪನಿ ಹೆಸರು ಇರಬೇಕು.

ಬ್ಯಾರೆ ರಿಜಿಸ್ಟ್ರಾರ್‌ಗೆ ಒಯ್ಯೋದಾದ್ರ ಲಾಕ್ ತೆಗಿಸಬೇಕು, ಆಥ್ ಕೋಡ್ (ಡೊಮೈನ್ ಒಯ್ಯಾಕ ಬೇಕಾದ ಗುಟ್ಟಿನ ಕೋಡ್) ಬೇಕು. ಹೊಸದಾಗಿ ತಗೊಂಡ ಇಲ್ಲಾ ಹಿಂದ ಒಮ್ಮೆ ಒಯ್ದ ಡಾಟ್ ಕಾಮ್ ಆದ್ರ 60 ದಿನ ಸಾಮಾನ್ಯವಾಗಿ ಅಲ್ಲಾಡಂಗಿಲ್ಲ. ಈ ಆಥ್ ಕೋಡ್ ಅನ್ನೋದು ಭಾಳ ಮುಖ್ಯ. ‘ರಿನೀವಲ್ ಮಾಡಾಕ ಆಥ್ ಕೋಡ್ ಕಳಸ್ರಿ’ ಅಂತ ಯಾವ ಮೇಲ್ ಕೇಳಿದ್ರೂ ಅದು ಡೊಮೈನ್ ಎತ್ತಿಕೊಂಡು ಹೋಗೋ ಹುನ್ನಾರ. ರಿನೀವಲ್‌ಗೆ ಆ ಕೋಡ್ ಬೇಕಾಗೋದs ಇಲ್ಲ.

ಕೃಷ್ಣಾ_ತೀರ
ಬಾಗಲಕೋಟೆಯಿಂದ ಒಂದು ಸೇರಿಸುತ್ತೇನೆ. ಡೊಮೈನ್ ಬೇರೆ, ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಜಾಗ) ಬೇರೆ, ಮೇಲ್ ಸೇವೆ ಬೇರೆ, ಎಸ್‌ಎಸ್‌ಎಲ್ (ವೆಬ್‌ಸೈಟಿನ ಸುರಕ್ಷತಾ ಪ್ರಮಾಣಪತ್ರ) ಬೇರೆ. ನಾಲ್ಕಕ್ಕೂ ನಾಲ್ಕು ಕಡೆಯಿಂದ ಬಿಲ್ ಬರಬಹುದು. ಹಾಗಾಗಿ ಲುಕಪ್‌ನಲ್ಲಿ ಹೆಸರಿಲ್ಲ ಎಂದು ಹೋಸ್ಟಿಂಗ್‌ನ ನಿಜವಾದ ಬಿಲ್ಲನ್ನೂ ಕಸಕ್ಕೆ ಹಾಕಬೇಡಿ. ಒಂದು ಹಾಳೆಯಲ್ಲಿ ನಾಲ್ಕನ್ನೂ ಬರೆದಿಡಿ: ಯಾರಿಂದ, ಯಾವ ಮೇಲ್‌ನಿಂದ ಲಾಗಿನ್, ಯಾವ ತಿಂಗಳು, ಎಷ್ಟು ರೂಪಾಯಿ. ಹಾಳೆಯಲ್ಲಿ ಇಲ್ಲದ ಹೆಸರಿನಿಂದ ಬಿಲ್ ಬಂದರೆ ಅಕೌಂಟ್ಸ್‌ನವರು ಮಾಲಕರನ್ನು ಕೇಳದೆ ಕಟ್ಟಬಾರದು. ಎಸ್‌ಎಸ್‌ಎಲ್‌ಗೆ ‘ಲೆಟ್ಸ್ ಎನ್‌ಕ್ರಿಪ್ಟ್’ ಬಳಸುತ್ತಿದ್ದರೆ ಅದು ಉಚಿತ, ಸರ್ವರ್ ತಾನೇ ನವೀಕರಿಸಿಕೊಳ್ಳುತ್ತದೆ. ಅದರ ಹೆಸರಿನಲ್ಲಿ ಬಿಲ್ ಬಂದರೆ ಸುಳ್ಳೇ.

ಹೆಡರ್_ಓದುಗ
ಇಷ್ಟು ಹೊತ್ತು ಸುಳ್ಳಿನ ಬಗ್ಗೆಯೇ ಆಯಿತು. ನಿಜವಾದದ್ದನ್ನು ಸುಳ್ಳೆಂದು ಬಿಟ್ಟರೆ ನಷ್ಟ ಇನ್ನೂ ದೊಡ್ಡದು. ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್‌ಗೆ ಐಕ್ಯಾನ್ ನಿಯಮದಂತೆ ರಿಜಿಸ್ಟ್ರಾರ್ ಅವಧಿಗೆ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಸುಮಾರು ಒಂದು ವಾರ ಮುಂಚೆ ಒಮ್ಮೆ, ಮುಗಿದ ಐದು ದಿನದೊಳಗೆ ಮತ್ತೊಮ್ಮೆ ನೋಟಿಸ್ ಕಳಿಸಲೇಬೇಕು. ಐಕ್ಯಾನ್ ತಾನೇ ಯಾರಿಗೂ ರಿನೀವಲ್ ಬಿಲ್ ಕಳಿಸುವುದಿಲ್ಲ.

ಹಣ ಕೇಳದ ಎರಡು ನಿಜವಾದ ಮೇಲ್ ಇವೆ. ವರ್ಷಕ್ಕೊಮ್ಮೆ ‘ನಿಮ್ಮ ವಿವರ ಸರಿ ಇದೆಯೇ ನೋಡಿ’ ಎಂಬುದು ಒಂದು. ಹೊಸದಾಗಿ ತೆಗೆದುಕೊಂಡಾಗ ಅಥವಾ ಮೇಲ್ ವಿಳಾಸ ಬದಲಿಸಿದಾಗ ಬರುವ ಪರಿಶೀಲನಾ ಮೇಲ್ ಇನ್ನೊಂದು. ಎರಡನೆಯದಕ್ಕೆ 15 ದಿನದಲ್ಲಿ ಸ್ಪಂದಿಸದಿದ್ದರೆ ಡೊಮೈನ್ ಅಮಾನತಾಗಬಹುದು. ಅದರಲ್ಲಿ ಲಿಂಕ್ ಇರುತ್ತದೆ. ಹೆದರಿಕೆಯಾದರೆ ಅಕೌಂಟಿಗೆ ಲಾಗಿನ್ ಆಗಿ ಅಲ್ಲಿಂದಲೇ ಪರಿಶೀಲನಾ ಮೇಲ್ ಮತ್ತೆ ತರಿಸಿಕೊಳ್ಳಿ. ನೀವೇ ತರಿಸಿದ್ದು, ಆಗಲೇ ಬಂದದ್ದು. ನಂಬಬಹುದು.

ಇಂಡಿ_ಲಿಂಬಿ
ಡೊಮೈನ್ ಖರೇನ ಮುಗಿದುಹೋದ್ರ ತಕ್ಷಣ ಕೈಬಿಟ್ಟು ಹೋಗತೈತೇನು? 24 ತಾಸು ಅಂತಾರಲ್ಲ.

ಸರ್ವರ್_ಮನಿ
ಇಲ್ರಿ. ಡಾಟ್ ಕಾಮ್ ಆದ್ರ ಮುಗಿದ ಮ್ಯಾಲೆ 45 ದಿನದ ತನಕ ರಿಜಿಸ್ಟ್ರಾರ್ ಕೈಯಾಗ ಇರತೈತಿ, ಅವರು ಅಳಿಸಿದ ಮ್ಯಾಲೆ 30 ದಿನ ರಿಡೆಂಪ್ಷನ್ (ಬಿಡಿಸಿಕೊಳ್ಳೋ ಅವಧಿ), ಆಮ್ಯಾಲೆ 5 ದಿನ ‘ಪೆಂಡಿಂಗ್ ಡಿಲೀಟ್’ (ಪೂರಾ ಅಳಿಸೋಕ ಮುಂಚಿನ ಅವಧಿ). ಆದ್ರ ಆ 45 ನಿಮ್ಮ ಹಕ್ಕಲ್ಲ, ರಿಜಿಸ್ಟ್ರಾರ್ ಎಷ್ಟು ದಿನ ಬಿಡತಾರ ಅನ್ನೋದು ಅವರವರ ಕರಾರು. ಕೆಲವರು ಬ್ಯಾಗನs ಹರಾಜಿಗೆ ಹಾಕತಾರ. ರಿಡೆಂಪ್ಷನ್‌ದಾಗ ಬಿಡಿಸಿಕೊಳ್ಳೋಕ ರಿನೀವಲ್‌ದ ಹಲವು ಪಟ್ಟು ರೊಕ್ಕ. ವೆಬ್‌ಸೈಟು, ಮೇಲು ಮಾತ್ರ ಮೊದಲ ದಿನಗಳೊಳಗs ನಿಲ್ಲತಾವ.

ಒಂದು ಮೋಸದ ಜಾಗಾ ಹೇಳತೇನಿ. ಡಾಟ್ ಕಾಮ್ ಮುಗಿದ ದಿನಾನs ರಿಜಿಸ್ಟ್ರಿ (ಎಲ್ಲಾ ಡಾಟ್ ಕಾಮ್ ಪಟ್ಟಿ ಇಡೋ ಸಂಸ್ಥೆ) ತಾನಾಗೇ ತಾರೀಖು ಒಂದು ವರ್ಷ ಮುಂದ ದೂಡತೈತಿ. ನೀವು ಲುಕಪ್‌ದಾಗ ಮುಂದಿನ ವರ್ಷ ನೋಡಿ ‘ರಿನೀವಲ್ ಆಗೇತಿ’ ಅನಕೋತೀರಿ, ಆಗಿರಂಗಿಲ್ಲ. ಸ್ಟೇಟಸ್‌ದಾಗ ‘ಆಟೋ ರಿನೀವ್ ಪೀರಿಯಡ್’ ಅಂತ ಇದ್ರ ಅಕೌಂಟಿನಾಗ ರೊಕ್ಕ ತುಂಬೇತೋ ಇಲ್ಲೋ ನೋಡ್ರಿ. ತಾರೀಖಿನ ಜೋಡಿ ಇರೋ ವ್ಯಾಳ್ಯಾ ಯುಟಿಸಿ (ನಮ್ಮ ವ್ಯಾಳ್ಯಾಕ್ಕಿಂತ ಐದೂವರೆ ತಾಸು ಹಿಂದ). 14ನೇ ತಾರೀಖು 18:45 ಅಂತ ಇದ್ರ ನಮಗ 15ನೇ ತಾರೀಖು ರಾತ್ರಿ 12:15.

ಕೃಷ್ಣಾ_ತೀರ
ಮೇಲ್ ನಿಲ್ಲುತ್ತದೆ ಎಂದಿರಲ್ಲ, ಅದರ ಜೊತೆಗೇ ಇನ್ನೊಂದು. ರಿಜಿಸ್ಟ್ರಾರ್ ಅಕೌಂಟಿಗೆ ಅದೇ ಡೊಮೈನಿನ ಮೇಲ್ ವಿಳಾಸ ಕೊಡಬೇಡಿ. ಡೊಮೈನ್ ನಿಂತರೆ ಆ ವಿಳಾಸಕ್ಕೆ ನೋಟಿಸೂ ಬರುವುದಿಲ್ಲ, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಬರುವುದಿಲ್ಲ. ಬೇರೆ ಕಡೆಯ ಒಂದು ಮೇಲ್ ಇಡಿ, ಇಬ್ಬರು ನೋಡುವಂತಿರಲಿ.

ಗೋಳಗುಮ್ಮಟ_ಲಾಡ್ಜ್
ಆಟೋ ರಿನೀವಲ್ ಹಾಕಿಬಿಟ್ರೆ ಈ ತಲೆನೋವೇ ಇಲ್ಲ ಅಲ್ವಾ?

ಲೆಕ್ಕದ_ಪುಸ್ತಕ
ಅದನ್ನೇ ನಂಬಿ ಕೂರಬೇಡಿ. 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗೇ ಹಣ ಕಡಿತವಾಗಬೇಕಾದರೆ ರಿಸರ್ವ್ ಬ್ಯಾಂಕ್ ನಿಯಮದ ಇ-ಮ್ಯಾಂಡೇಟ್ (ನೀವು ಮೊದಲೇ ಕೊಟ್ಟ ಅನುಮತಿ) ಬೇಕು. ಕಡಿತಕ್ಕೆ ಕನಿಷ್ಠ 24 ತಾಸು ಮೊದಲು ಬ್ಯಾಂಕ್ ತಿಳಿಸುತ್ತದೆ. ಹೊರದೇಶದ ಅನೇಕ ಕಂಪನಿಗಳಲ್ಲಿ ಈ ವ್ಯವಸ್ಥೆ ಇಲ್ಲದೆ ಭಾರತದ ಕಾರ್ಡ್ ತಿರಸ್ಕೃತವಾಗುತ್ತದೆ. ಡಾಟ್ ಕಾಮ್ ಒಟ್ಟು 10 ವರ್ಷದವರೆಗೆ ಕಟ್ಟಬಹುದು. ಮೂರೋ ಐದೋ ವರ್ಷ ಕಟ್ಟಿ, ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಮುಂಚಿನ ನೆನಪು ಹಾಕುವುದು ನನಗೆ ಮೇಲು ಅನಿಸುತ್ತದೆ.

ಬನಹಟ್ಟಿ_ಮಗ್ಗ
ವಿಷಯ ಸ್ವಲ್ಪ ಬ್ಯಾರೆ ಆಗತೈತಿ. ನಮ್ಮ ಸಹಕಾರಿ ಬ್ಯಾಂಕಿನ ವೆಬ್‌ಸೈಟ್ ವಿಳಾಸ ಬದಲಾಗೇತಿ, ಕೊನೀಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಅಂತ ಐತಿ. ಇದು ಖರೇದs?

ಕೃಷ್ಣಾ_ತೀರ
ಖರೇದೇ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಅದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶ ಇತ್ತು. ಆ ಡೊಮೈನ್ ಕೊಡುವ ಏಕೈಕ ರಿಜಿಸ್ಟ್ರಾರ್ ಹೈದರಾಬಾದಿನ ಐಡಿಆರ್‌ಬಿಟಿ (ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ತಂತ್ರಜ್ಞಾನ ಸಂಸ್ಥೆ). ಸಣ್ಣ ಸಹಕಾರಿ ಬ್ಯಾಂಕಿನವರು ಇಲ್ಲಿದ್ದರೆ ಗಮನಿಸಿ, ಬೇರೆ ಯಾರೇ ಡಾಟ್ ಬ್ಯಾಂಕ್ ಡಾಟ್ ಇನ್ ರಿನೀವಲ್ ಬಿಲ್ ಕಳಿಸಿದರೂ ಅದು ಮೋಸ.

ಕರದಂಟು_ಅಂಗಡಿ
ಡಾಟ್ ಭಾರತ ಅಂತ ಕನ್ನಡದಾಗನs ಡೊಮೈನ್ ಸಿಗತಾವ, ತಗೋರಿ ಎಲ್ಲಾರೂ.

ಹೆಡರ್_ಓದುಗ
ಸಿಗುತ್ತವೆ, ಒಳ್ಳೆಯದೇ. ಆದರೆ ಹೆಡರ್‌ನಲ್ಲಿ ಅದು ‘ಎಕ್ಸ್‌ಎನ್’ ಅಕ್ಷರ ಮತ್ತು ಎರಡು ಅಡ್ಡಗೀಟಿನಿಂದ ಶುರುವಾಗುವ ರೂಪದಲ್ಲಿ ಕಾಣುತ್ತದೆ. ಕನ್ನಡ ಡೊಮೈನಿಗೆ ಅದು ಸಹಜ. ಇಂಗ್ಲಿಷ್ ಹೆಸರಿನ ರಿಜಿಸ್ಟ್ರಾರ್‌ನ ಮೇಲ್‌ನಲ್ಲಿ ಎಕ್ಸ್‌ಎನ್ ಕಂಡರೆ ಮಾತ್ರ ಬೇರೆ ಲಿಪಿಯ ಅಕ್ಷರ ತುರುಕಿದ ನಕಲಿ ವಿಳಾಸ.

ಇಂಡಿ_ಲಿಂಬಿ
ಈಗಾಗಲೇ ರೊಕ್ಕ ತುಂಬಿಬಿಟ್ಟವ್ರಿಗೆ ಏನ್ ಹೇಳತೀರಿ?

ಲೆಕ್ಕದ_ಪುಸ್ತಕ
ಮೊದಲು 1930ಕ್ಕೆ (ಸೈಬರ್ ವಂಚನೆಯ ಸಹಾಯವಾಣಿ) ಫೋನ್. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತದೆ, ಬೇಗ ತಿಳಿಸಿದರೆ ನಡುವೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ವಹಿವಾಟಿನ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ದಾಖಲಿಸಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಸಿಇಎನ್ (ಸೈಬರ್ ಅಪರಾಧದ ದೂರು ನೋಡುವ) ಪೊಲೀಸ್ ಠಾಣೆ ಇದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಕಾರ್ಡ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಚಾರ್ಜ್‌ಬ್ಯಾಕ್ (ಹಣ ವಾಪಸ್ ಕೋರಿಕೆ) ಬರೆದುಕೊಡಿ. ಮೇಲ್ ಅಳಿಸಬೇಡಿ. ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಉಳಿಯುವುದಿಲ್ಲ, ‘ಡೌನ್‌ಲೋಡ್ ಒರಿಜಿನಲ್’ ಮಾಡಿ ಕಡತವಾಗಿಯೇ ಇಡಿ.

ಸರ್ವರ್_ಮನಿ
ರೊಕ್ಕದ ಜೋಡಿ ಪಾಸ್‌ವರ್ಡೂ ಕೊಟ್ಟಿದ್ರ ಮೊದಲು ರಿಜಿಸ್ಟ್ರಾರ್ ಪಾಸ್‌ವರ್ಡ್ ಬದಲಿಸಿ ಎರಡು ಹಂತದ ಲಾಗಿನ್ ಹಾಕ್ರಿ. ಆಮ್ಯಾಲೆ ನೇಮ್‌ಸರ್ವರ್, ಎಂಎಕ್ಸ್ ದಾಖಲೆ (ವೆಬ್‌ಸೈಟು, ಮೇಲು ಎಲ್ಲಿಗೆ ಹೋಗಬೇಕು ಅಂತ ಹೇಳೋ ದಾಖಲೆಗಳು) ಬದಲಾಗ್ಯಾವೇನು ನೋಡ್ರಿ. ಎಂಎಕ್ಸ್ ತಿರುಗಿಸಿದ್ರ ನಿಮಗ ಬರೋ ಮೇಲ್ ಎಲ್ಲಾ ಅವರಿಗೆ ಹೋಗತಾವ, ಆಮ್ಯಾಲೆ ನಿಮ್ಮ ಹೆಸರಿನಾಗ ನಿಮ್ಮ ಗಿರಾಕಿಗೆ ಹೊಸಾ ಬ್ಯಾಂಕ್ ನಂಬರ್ ಕಳಸತಾರ. ಆಥ್ ಕೋಡ್ ಕೊಟ್ಟಿದ್ರ ಅವತ್ತs ರಿಜಿಸ್ಟ್ರಾರ್‌ಗೆ ಹೇಳಿ ಟ್ರಾನ್ಸ್‌ಫರ್ ತಿರಸ್ಕರಿಸ್ರಿ. ಡಾಟ್ ಕಾಮ್‌ಗೆ ಸಾಮಾನ್ಯವಾಗಿ ಐದು ದಿನದ ಅವಕಾಶ ಇರತೈತಿ.

ಉದ್ಯಮಬಾಗ_ಫೌಂಡ್ರಿ
ಕಳಿಸಿದ ವಿಳಾಸ ಬ್ಲಾಕ್ ಮಾಡಿದ್ರ ಆಗಂಗಿಲ್ಲೇನ್ರಿ?

ಹೆಡರ್_ಓದುಗ
ಅವರು ವಿಳಾಸ ಬದಲಿಸುತ್ತಲೇ ಇರುತ್ತಾರೆ. ಬದಲಿಗೆ ಫಿಲ್ಟರ್ ಹಾಕಿ: ‘ಡೊಮೈನ್’ ಮತ್ತು ‘ಎಕ್ಸ್‌ಪೈರ್’ ಪದಗಳಿದ್ದು, ನಿಮ್ಮ ರಿಜಿಸ್ಟ್ರಾರ್ ವಿಳಾಸದಿಂದ ಬಂದಿಲ್ಲದ ಮೇಲ್‌ಗೆಲ್ಲ ‘ಪರಿಶೀಲಿಸಿ’ ಎಂಬ ಲೇಬಲ್ ಬೀಳಲಿ. ತಾನಾಗೇ ಅಳಿಸುವಂತೆ ಹಾಕಬೇಡಿ.

ಉದ್ಯಮಬಾಗ_ಫೌಂಡ್ರಿ
ಲುಕಪ್ ನೋಡಿದೆ. ರಿಜಿಸ್ಟ್ರಾರ್ ಬ್ಯಾರೆ, ಎಕ್ಸ್‌ಪೈರಿಗೆ ಇನ್ನೂ ಏಳು ತಿಂಗಳು ಐತಿ. ಸ್ಟೇಟಸ್‌ದಾಗ ಬರೇ ‘ಓಕೆ’ ಅಂತ ಐತಿ, ಒಳ್ಳೇದಲ್ಲ?

ಸರ್ವರ್_ಮನಿ
‘ಓಕೆ’ ಅಂದ್ರ ಲಾಕ್ ಇಲ್ಲ ಅಂತ ಅರ್ಥ. ಅಕೌಂಟಿಗೆ ಹೋಗಿ ‘ಡೊಮೈನ್ ಲಾಕ್’ ಆನ್ ಮಾಡ್ರಿ. ಸ್ವಲ್ಪ ಹೊತ್ತಿನ ಮ್ಯಾಲೆ ಲುಕಪ್ ಮತ್ತ ತೆಗೀರಿ, ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಅಂತ ಬರಬೇಕು. ಬರಲಿಲ್ಲ ಅಂದ್ರ ಇಲ್ಲೇ ಬರೀರಿ.